ಒತ್ತೆಯಾಳಿನ ಪಂಚಾಂಗ

೩ ಡಿಸೆಂಬರ್ ೧೭೪೮, ಪ್ಯಾರಿಸ್

ಇಂಗ್ಲಿಷರನ್ನು ಬೈಯುವುದಕ್ಕೆ ನನಗೊಂದು ಜಾಗ ಬೇಕು. ಅಡುಗೆಮನೆಯಲ್ಲಿ ಇನ್ನು ಮೇಲೆ ಬೈಯುವಂತಿಲ್ಲ. ಅಡುಗೆಯ ಬಾರ್ಬ್ ಬೆಳಿಗ್ಗೆ ಸೌಟು ತೋರಿಸಿಯೇ ಹೇಳಿದಳು: "ನೋಡು ಸೆರ್ವಾನ್, ಇನ್ನೊಂದು ವಾರದೊಳಗೆ ಅವರು ಬಂದಿಳೀತಾರೆ. ಈ ಮನೇನ ಹಿಡಿದಿರೋದೇ ಅವರಿಗೋಸ್ಕರ. ನೀನು ಬಾಯಿ ಹರಿಬಿಟ್ಟು ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡ." ಅದಕ್ಕೇ ಒಗೆಯುವ ಬಟ್ಟೆಗಳ ಪಟ್ಟಿ ಬರೆಯುವ ಈ ಪುಸ್ತಕವನ್ನು ತಿರುಗಿಸಿಟ್ಟು ಕೊನೆಯ ಹಾಳೆಯಿಂದ ಶುರು ಮಾಡಿದ್ದೇನೆ. ಲೂಯಿಬರ್ಗಿನ ಮಠದ ಸನ್ಯಾಸಿನಿಯರು ನನಗೆ ಅಕ್ಷರ ಕಲಿಸಿದ್ದು ಇದಕ್ಕಲ್ಲ. ಕ್ಷಮಿಸಲಿ.

ಮೊದಲನೆಯ ಬೈಗುಳ ಇದು. ಮೂರೂವರೆ ವರ್ಷದ ಹಿಂದೆ ಅವರು ಕಡಲಾಚೆಯ ನಮ್ಮ ದ್ವೀಪಕ್ಕೆ ಬಂದರು, ಆರು ವಾರ ನಮ್ಮ ಲೂಯಿಬರ್ಗ್ ಊರಿನ ಮೇಲೆ ಗುಂಡು ಸುರಿದರು, ಆಮೇಲೆ ನಮ್ಮನ್ನೆಲ್ಲ ಹಡಗಿಗೆ ತುಂಬಿ ತಂದು ಫ್ರಾನ್ಸಿನ ದಡದಲ್ಲಿ ಇಳಿಸಿ ಹೋದರು. 'ನಿಮ್ಮ ದೇಶಕ್ಕೆ ಹೋಗಿ' ಎಂದರು. ನಾನು ಹುಟ್ಟಿದ್ದು ಆ ದ್ವೀಪದಲ್ಲಿ. ಈ ದೇಶವನ್ನು ಅಲ್ಲಿಯವರೆಗೆ ಕಣ್ಣಲ್ಲಿ ನೋಡಿರಲಿಲ್ಲ. ಅದೇ ವರ್ಷ ರೋಷ್‌ಫೋರ್ ಬಂದರಿನ ಆಸ್ಪತ್ರೆಯಲ್ಲಿ ನನ್ನ ಗಂಡ ಜುಲಿಯೆನ್ ಜ್ವರ ಬಂದು ತೀರಿಕೊಂಡ. ಅವನು ಕೈಯಾರೆ ಕಟ್ಟಿದ ಮನೆಯಲ್ಲಿ ಈಗ ಯಾವನೋ ಬಾಸ್ಟನ್ನಿನವನು ಬೂಟುಗಾಲಲ್ಲಿ ಓಡಾಡುತ್ತಿದ್ದಾನೆ.

ಈಗ ರಾಜರುಗಳು ರಾಜಿಯಾಗಿದ್ದಾರೆ. ಅಕ್ಟೋಬರಿನಲ್ಲಿ ಏಕ್ಸ್ ಎಂಬ ಊರಿನಲ್ಲಿ ಸಹಿ ಬಿದ್ದಿದೆ. ನಮ್ಮ ದ್ವೀಪ ನಮಗೆ ವಾಪಸ್ಸು ಬರುತ್ತದೆ. ಇಂಗ್ಲಿಷರ ಮಾತನ್ನು ನಂಬುವುದು ಹೇಗೆ? ಅದಕ್ಕೆ ಇಬ್ಬರು ಇಂಗ್ಲಿಷ್ ಧಣಿಗಳು ಒತ್ತೆಯಾಳುಗಳಾಗಿ ಪ್ಯಾರಿಸಿನಲ್ಲಿ ಕೂರಬೇಕು. ದ್ವೀಪ ಕೈಸೇರಿತೆಂಬ ಖಚಿತ ಸುದ್ದಿ ಬರುವ ತನಕ ಏಳುವಂತಿಲ್ಲ. ಅವರಲ್ಲೊಬ್ಬರು ಆಳುಕಾಳುಗಳ ಸಮೇತ ಈ ಮನೆಗೆ ಬರುತ್ತಿದ್ದಾರೆ. ಇಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವವಳು ನಾನು. ನನ್ನ ಮನೆ ಕಸಿದವರ ಅಂಗಿಗೆ ನಾನೇ ಗಂಜಿ ಹಾಕಬೇಕು.

೯ ಡಿಸೆಂಬರ್

ಬಂದರು. ಧಣಿ ಮೇಲಿನ ಮಹಡಿಯಲ್ಲಿರುತ್ತಾರೆ. ಅವರ ಮುಖ ನನಗೆ ಗೊತ್ತಿಲ್ಲ, ಅಂಗಿಗಳಷ್ಟೇ ಗೊತ್ತು. ಆ ಅಂಗಿಗಳನ್ನು ನೋಡಿಕೊಳ್ಳುವವನು ಹೋಲ್ಬೆಕ್ ಎಂಬ ಆಳು. ಉದ್ದ ಮೂಗು, ನಲವತ್ತೈದರ ಆಸುಪಾಸು. ತುಂಬಿದ ಕೊಡ ಹೊತ್ತು ಮೆಟ್ಟಿಲಿಳಿಯುವವರ ಹಾಗೆ ನಮ್ಮ ಭಾಷೆಯನ್ನು ಮೆಲ್ಲಗೆ ಆಡುತ್ತಾನೆ. ಮೊದಲನೆಯ ದಿನವೇ ಲೇಸಿನ ತೋಳಂಚುಗಳನ್ನು ವಾಪಸ್ಸು ತಂದು ನನ್ನ ಮೇಜಿನ ಮೇಲಿಟ್ಟ.

"ಮದಾಮ್, ಗಂಜಿ ಜಾಸ್ತಿ ಆಗಿದೆ. ಇದು ತೋಳಂಚು, ರೊಟ್ಟಿ ಅಲ್ಲ."

"ಗಂಜೀದಲ್ಲ, ನೀರಿನ ತಪ್ಪು. ಈ ಸೀನ್ ನದಿ ನೀರಿಗೆ ಸೋಪು ನೊರೆಯೇ ಬರಲ್ಲ. ನಮ್ಮೂರ ಬಾವಿ ನೀರಾಗಿದ್ರೆ ತೋರಿಸ್ತಿದ್ದೆ ನಿಮಗೆ."

"ಯಾವೂರು ನಿಮ್ದು?"

"ನೀವು ಕಿತ್ಕೊಂಡಿದೀರಲ್ಲ, ಅದು."

ಬಾರ್ಬ್ ಒಲೆಯ ಹತ್ತಿರ ಕೆಮ್ಮಿದಳು. ಅವನು ಸಿಟ್ಟಾಗಲಿಲ್ಲ. "ಹಾಗಾದ್ರೆ ನಾನಿಲ್ಲಿ ಕೂತಿರೋದು ನಿಮ್ಮ ಬಾವಿಗೋಸ್ಕರ. ಅದು ಎಂಥ ಊರು ಅಂತನಾದ್ರೂ ಹೇಳಿ, ಮದಾಮ್. ಹಡಗು ಹತ್ತಿದಾಗಿಂದ ಕೇಳ್ತಿದೀನಿ, ಯಾರಿಗೂ ಗೊತ್ತಿಲ್ಲ," ಎಂದ.

ತೋಳಂಚುಗಳನ್ನು ಮತ್ತೆ ಒಗೆದೆ. ಗಂಜಿ ಜಾಸ್ತಿಯಾಗಿದ್ದು ನಿಜ.

೨೧ ಡಿಸೆಂಬರ್

ಗಂಜಿಹಿಟ್ಟಿನ ಡಬ್ಬಿ ಮಗುಚಿ ಮೇಜೆಲ್ಲ ಬೆಳ್ಳಗಾಯಿತು. ಗೋರುವ ಮೊದಲು ಸುಮ್ಮನೆ ಬೆರಳಾಡಿಸಿದೆ. ಬಂದರು ಬಂತು, ಕೋಟೆಗೋಡೆ ಬಂತು, ಗೋಡೆಯಾಚೆ ನಮ್ಮ ಕೊಲ್ಲಿ, ಮೀನು ಒಣಗಿಸುವ ಕಲ್ಲುದಂಡೆ, ದಂಡೆಯ ಮೇಲೆ ಜುಲಿಯೆನ್ ಕಟ್ಟಿದ ಮನೆ, ಮನೆ ಹಿಂದೆ ಬಾವಿ. ತಲೆ ಎತ್ತಿದರೆ ಆ ಇಂಗ್ಲಿಷಿನವನು ನಿಂತಿದ್ದ.

"ಗಾಳಿ ಯಾವ ಕಡೆಯಿಂದ ಬೀಸುತ್ತೆ?" ಎಂದು ಕೇಳಿದ. "ಬಟ್ಟೆ ಎಲ್ಲಿ ಹರವ್ತೀರಿ?"

ಮೂರು ವರ್ಷದಲ್ಲಿ ಫ್ರಾನ್ಸಿನ ಒಬ್ಬರೂ ನನ್ನನ್ನು ಹೀಗೆ ಕೇಳಿರಲಿಲ್ಲ. ಎಲ್ಲರೂ ಕೇಳುವುದು ಮುತ್ತಿಗೆಯ ಬಗ್ಗೆ, ಇಲ್ಲವೆ ಕಾಡುಜನರ ಬಗ್ಗೆ. ಗಾಳಿ ಮೂಡಣದಿಂದ ಬಂದರೆ ಮಂಜು ಮುಸುಕುತ್ತದೆಂದೂ, ಮಂಜು ಮುಸುಕಿದರೆ ಒಂದು ಅಂಗಿ ಒಣಗಲು ಮೂರು ದಿನ ಬೇಕೆಂದೂ ಹೇಳಿದೆ. ಅರ್ಧ ಗಂಟೆ ಹೇಳಿದೆನಂತೆ. ಬಾರ್ಬ್ ಹೇಳಿದ್ದು, ನಾನು ಲೆಕ್ಕ ಇಟ್ಟಿಲ್ಲ.

ಹೋಗುವಾಗ ಅವನು ಜೇಬಿನಿಂದ ಒಂದು ಪುಟ್ಟ ಪಂಚಾಂಗ ತೆಗೆದು ಅಂದಿನ ದಿನಕ್ಕೆ ಗೀಟು ಎಳೆದ. ಬಗ್ಗಿ ನೋಡಿದೆ. ಹತ್ತನೇ ತಾರೀಕಿಗೆ ಎಳೆದಿದ್ದ.

"ಇವತ್ತು ಇಪ್ಪತ್ತೊಂದು," ಎಂದೆ.

"ನಮ್ಮಲ್ಲಿ ಹತ್ತು, ಮದಾಮ್. ನಾವು ಹನ್ನೊಂದು ದಿನ ಹಿಂದೆ."

ಪೋಪರು ತಿದ್ದಿದ ಪಂಚಾಂಗವನ್ನು ಇಂಗ್ಲಿಷರು ಒಪ್ಪಿಕೊಂಡೇ ಇಲ್ಲವಂತೆ. ಬಾರ್ಬ್ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸೂರ್ಯನೇ ಪೋಪ್ ಹೇಳಿದ ಮಾತು ಕೇಳ್ತಾನೆ, ಇವರು ಕೇಳಲ್ಲ ನೋಡು."

೧ ಜನವರಿ ೧೭೪೯

ಹೊಸ ವರ್ಷ ಎಂದು ಬಾರ್ಬ್ ಎಲ್ಲರಿಗೂ ಬಾದಾಮಿ ಮಿಠಾಯಿ ಕೊಟ್ಟಳು. ಹೋಲ್ಬೆಕ್ ಕೈ ಚಾಚಿ, "ನಮ್ಮಲ್ಲಿ ಹೊಸ ವರ್ಷ ಮಾರ್ಚ್ ಇಪ್ಪತ್ತೈದಕ್ಕೆ. ಅಲ್ಲೀವರೆಗೂ ಇಟ್ಕೊಂಡಿರ್ತೀನಿ," ಎಂದ. ಬಾಗಿಲು ದಾಟುವುದರೊಳಗೆ ತಿಂದುಬಿಟ್ಟ. ನಾನು ನೋಡಿದೆ.

೨೦ ಜನವರಿ

ಇವತ್ತು ಅಡುಗೆಮನೆಯಲ್ಲಿ ರಾಜಕೀಯ ನಡೆಯಿತು. ನಮ್ಮ ದೊರೆ ಫ್ಲಾಂಡರ್ಸ್ ಸೀಮೆಯನ್ನು ಪೂರ್ತಿ ಗೆದ್ದು ಮತ್ತೆ ಪೂರ್ತಿ ವಾಪಸ್ಸು ಕೊಟ್ಟಿದ್ದು ಯಾಕೆ ಎಂದು ಬಾರ್ಬಳ ಪ್ರಶ್ನೆ. ಹೋಲ್ಬೆಕ್ ಅವಳ ತರಕಾರಿ ತಕ್ಕಡಿಯನ್ನೇ ಎತ್ತಿಹಿಡಿದ.

"ದೊರೆಗಳೆಲ್ಲ ಹೀಗೊಂದು ತಕ್ಕಡಿ ಮುಂದೆ ಇಟ್ಕೊಂಡು ಕೂತಿದಾರೆ. ಯಾರ ತಟ್ಟೆಯೂ ತೀರಾ ಕೆಳಗಿಳೀಬಾರ್ದು. ಇಳಿದ್ರೆ ಉಳಿದೋರೆಲ್ಲ ಸೇರ್ಕೊಂಡು ಅವನ ಮೇಲೆ ಬೀಳ್ತಾರೆ. ಅದಕ್ಕೆ ಅವನು ಫ್ಲಾಂಡರ್ಸ್ ಕೊಟ್ಟ. ನಾವು ಇವರ ದ್ವೀಪ ಕೊಡ್ತೀವಿ, ನೀವು ನಮಗೆ ಮದ್ರಾಸು ಕೊಡ್ತೀರಿ."

"ಮದ್ರಾಸು ಅಂದ್ರೆ ಯಾರು?"

"ಯಾರೂ ಅಲ್ಲ, ಅದೊಂದು ಊರು. ಪೂರ್ವದ ಸಮುದ್ರದ ದಡದಲ್ಲಿದೆ. ನಿಮ್ಮೋರು ಅದನ್ನ ನಮ್ಮಿಂದ ಹಿಡ್ಕೊಂಡಿದ್ರು. ಮದಾಮ್ ಈಗ ಇಸ್ತ್ರಿ ಮಾಡ್ತಿರೋ ಕರವಸ್ತ್ರ ಅಲ್ಲೀದೇ."

ಇಸ್ತ್ರಿಪೆಟ್ಟಿಗೆ ಎತ್ತಿ ನೋಡಿದೆ. ಕೆಂಪು ಚೌಕುಳಿಯ, ತೆಳ್ಳನೆಯ ಬಟ್ಟೆ. ಎಷ್ಟು ಸಲ ಒಗೆದರೂ ಬಣ್ಣ ಬಿಟ್ಟಿಲ್ಲ. ನನ್ನ ಊರಿನ ಎದುರು ತಟ್ಟೆಯಲ್ಲಿ ಈ ಬಟ್ಟೆಯ ಊರು ಇದೆ. ಅಲ್ಲೂ ನನ್ನಂಥವಳೊಬ್ಬಳು ಮನೆ ಬಿಟ್ಟು ಎಲ್ಲೋ ಕಾಯುತ್ತಿರಬೇಕು. ಅವಳ ಬಟ್ಟೆ ಅವತ್ತಿನದು ಅವತ್ತೇ ಒಣಗುತ್ತದಂತೆ, ಅಷ್ಟು ಬಿಸಿಲು.

"ಮತ್ತೆ ನೀವು ಯಾವ ತಟ್ಟೇಲಿದೀರಿ?" ಎಂದು ನಾನೇ ಕೇಳಿದೆ.

"ನಾನು ತೂಕದ ಕಲ್ಲು, ಮದಾಮ್. ಸಾಮಾನು ಬರೋ ತನಕ ತಟ್ಟೇಲಿ ಕೂತಿರ್ತೀನಿ. ಬಂದ ಮೇಲೆ ತೆಗೆದು ಪಕ್ಕಕ್ಕಿಡ್ತಾರೆ."

ಬಾರ್ಬ್ ನಕ್ಕಳು. ನನಗೆ ನಗು ಬರಲಿಲ್ಲ.

೧೨ ಫೆಬ್ರವರಿ

ಇವತ್ತು ಶಾಂತಿಯನ್ನು ಊರಿಗೆಲ್ಲ ಸಾರಿದರು. ಕುದುರೆ, ತುತ್ತೂರಿ, ಚೌಕಗಳಲ್ಲಿ ಪುಕ್ಕಟೆ ವೈನು. ಜನ ಕುಡಿದರು, ಆದರೆ ಜೈಕಾರ ಹಾಕಲಿಲ್ಲ. ಮೀನುಪೇಟೆಯಲ್ಲಿ ಇಬ್ಬರು ಹೆಂಗಸರು ಜಗಳವಾಡುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ, "ಈ ಶಾಂತಿಗಿಂತ ಪೆದ್ದು ಕಣೇ ನೀನು," ಎಂದು ಬೈದಳು. ಸುತ್ತಲಿದ್ದವರಿಗೆ ನಗುವೋ ನಗು.

ಅದನ್ನು ಬಂದು ಬಾರ್ಬಳಿಗೆ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಚಾಕು ಕೆಳಗಿಟ್ಟು, "ನಮ್ಮಕ್ಕನ ಮಗ ಫ್ಲಾಂಡರ್ಸಲ್ಲಿ ಸತ್ತ. ಹತ್ತೊಂಬತ್ತು ವರ್ಷ. ಗೆದ್ದು ವಾಪಸ್ಸು ಕೊಡೋಕಾ ಸತ್ತಿದ್ದು ಅವನು?" ಎಂದು ಸೊಂಟಕ್ಕೆ ಕಟ್ಟಿದ ಅಡುಗೆವಸ್ತ್ರದಲ್ಲಿ ಮುಖ ಮುಚ್ಚಿಕೊಂಡಳು. ಹೋಲ್ಬೆಕ್ ಬಾಗಿಲಲ್ಲಿದ್ದರು. ಸಮಾಧಾನ ಹೇಳಲಿಲ್ಲ, ಜಾರಿಕೊಂಡೂ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ಅವಳ ಬುಟ್ಟಿಯ ಈರುಳ್ಳಿಯನ್ನೆಲ್ಲ ಸುಲಿದುಕೊಟ್ಟರು. ಮೂವರ ಕಣ್ಣಲ್ಲೂ ನೀರಿದ್ದರಿಂದ ಯಾರೂ ಯಾರನ್ನೂ ಏನೂ ಕೇಳಬೇಕಾಗಲಿಲ್ಲ.

೨೪ ಫೆಬ್ರವರಿ

ಹೋಲ್ಬೆಕ್ ಅವರ ಮಗಳ ಕಾಗದ ಬಂತು. ಹೆಸ್ಟರ್ ಎಂದು ಹೆಸರು, ಡೆವನ್ ಎಂಬ ಸೀಮೆಯಲ್ಲಿದ್ದಾಳೆ, ಲೇಸು ಹೆಣೆಯುತ್ತಾಳೆ. ಮದುವೆ ಗೊತ್ತಾಗಿದೆ. ಅಪ್ಪ ಬಂದು ಕೈಹಿಡಿದು ಚರ್ಚಿಗೆ ಕರೆದುಕೊಂಡು ಹೋಗದಿದ್ದರೆ ತಾನು ಹೋಗುವುದೇ ಇಲ್ಲ ಎಂದು ಕೂತಿದ್ದಾಳಂತೆ. ತಾಯಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಕಾಗದವನ್ನು ನನಗೆ ಒಂದೊಂದೇ ಸಾಲು ನಮ್ಮ ಭಾಷೆಗೆ ತಿರುಗಿಸಿ ಓದಿ ಹೇಳಿದರು.

"ಅಂದ್ರೆ ನನ್ನ ದ್ವೀಪ ಬಂದ್ರೇನೇ ನಿಮ್ಮ ಮಗಳ ಮದುವೆ," ಎಂದೆ.

"ಹೌದು. ಬೇಗ ತಗೊಳ್ಳಿ ನಿಮ್ಮ ದ್ವೀಪಾನ."

ನಾವಿಬ್ಬರೂ ಒಂದೇ ಹಡಗನ್ನು ಕಾಯುತ್ತಿದ್ದೇವೆ. ಇದು ನನಗೆ ಮೊದಲೇ ಹೊಳೆಯಬೇಕಿತ್ತು.

೯ ಮಾರ್ಚ್

ಮಳೆ. ಬಟ್ಟೆ ಒಣಗಿಲ್ಲ. ಅವರು ಧಣಿಯ ಜೊತೆ ವರ್ಸಾಯಿಗೆ ಹೋಗಿ ನಾಲ್ಕು ದಿನವಾಯಿತು. ಬರೆಯುವುದಕ್ಕೆ ಏನೂ ಇಲ್ಲ.

೧೮ ಮಾರ್ಚ್

ರೋಷ್‌ಫೋರಿನಿಂದ ಪೆಲಾಜಿ ಕಾಗದ ಬರೆಸಿ ಕಳಿಸಿದ್ದಾಳೆ. ದ್ವೀಪದಲ್ಲಿ ನಮ್ಮ ಪಕ್ಕದ ಮನೆಯವಳು, ನನ್ನ ಜೊತೆಗೇ ಹಡಗಿನಲ್ಲಿ ಬಂದವಳು. ದೊರೆಯ ಖರ್ಚಿನಲ್ಲಿ ನಮ್ಮನ್ನು ವಾಪಸ್ಸು ಕಳಿಸಲು ಹಡಗುಗಳು ಸಿದ್ಧವಾಗುತ್ತಿವೆ. ಏಪ್ರಿಲ್ ಕೊನೆಯೊಳಗೆ ಬಂದು ಹೆಸರು ಬರೆಸಬೇಕು. ಅಲ್ಲಿಗೆ ಹೋದ ಮೇಲೆ ಅವರವರ ಮನೆ, ದಂಡೆಗಳಿಗೆ ಅವರವರೇ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಈ ಬೇಸಿಗೆಯಲ್ಲಿ ಯಾರೂ ಕೇಳದ ಜಾಗ ಬೇರೆಯವರಿಗೆ ಹೋಗುತ್ತದೆ.

ಎರಡು ಸಲ ಓದಿದೆ. ಮೂರೂವರೆ ವರ್ಷ ಈ ಕಾಗದಕ್ಕೇ ಕಾದಿದ್ದೆನಲ್ಲ. ಕುಣಿಯಬೇಕು ಅನ್ನಿಸಬೇಕಿತ್ತು. ಕಾಗದ ಮಡಿಸಿಟ್ಟು ಬಟ್ಟೆ ಒಗೆಯಲು ಕೂತೆ.

ಅವರಿಗೆ ಹೇಳಿದೆ. "ಬಹಳ ಸಂತೋಷ, ಮದಾಮ್," ಎಂದರು. ಆಮೇಲೆ ಮಡಿಸಿಟ್ಟಿದ್ದ ಅಂಗಿಗಳನ್ನು ಬಿಚ್ಚಿ ಮತ್ತೆ ಮಡಿಸಿದರು.

೨ ಏಪ್ರಿಲ್

ಬಾರ್ಬ್ ಈ ಪುಸ್ತಕವನ್ನು ಮುಂದಿನ ಕಡೆಯಿಂದ ತೆರೆದು ಬಟ್ಟೆಯ ಪಟ್ಟಿ ನೋಡಿದಳಂತೆ. ಅವಳಿಗೆ ಓದಲು ಬರುವುದಿಲ್ಲ, ಅಂಕಿ ಮಾತ್ರ ಗೊತ್ತು. ಅಷ್ಟೇ ಸಾಕಾಯಿತು.

"ಧಣಿ ಅಂಗಿ ವಾರಕ್ಕೆ ಆರು. ಧಣಿ ಆಳಿನ ಅಂಗಿ ಏಳು. ಒತ್ತೆ ಯಾರು, ಆಳು ಯಾರು ಅಂತಾನೇ ತಿಳೀತಿಲ್ಲ ನನಗೆ."

"ಅವರು ಬೆವರ್ತಾರೆ," ಎಂದೆ.

"ಈ ಚಳೀಲಿ? ಏನೋಪ್ಪ, ಪಾಷಂಡಿಗಳ ಬೆವರೂ ಬೇರೆ ಥರ ಇರ್ಬೇಕು."

ಅವಳ ಬಾಯಿಗೆ ಬೀಗ ಇಲ್ಲ. ಹೆಸ್ಟರಳ ಮದುವೆಯ ಹೊತ್ತಿಗೆ ಅಪ್ಪನ ಅಂಗಿ ಹಳದಿಯಾಗಿದ್ದರೆ ಚೆನ್ನಾಗಿರುತ್ತದೆಯೇ? ಅಷ್ಟೇ ನನ್ನ ಯೋಚನೆ.

೧೦ ಏಪ್ರಿಲ್ (ಅವರಲ್ಲಿ ಮಾರ್ಚ್ ೩೦)

ಇಸ್ತ್ರಿ ಮಾಡುತ್ತಿದ್ದೆ. ಅವರು ಕಿಟಕಿಯ ಹತ್ತಿರ ಗುಂಡಿ ಹೊಲಿಯುತ್ತಾ ಕೂತಿದ್ದರು. ತಲೆ ಎತ್ತದೆಯೇ ಹೇಳಿದರು:

"ಡೆವನ್‌ನಲ್ಲಿ ನಮ್ಮ ಮನೆ ಹಿಂದೆ ಒಂದು ಬಾವಿ ಇದೆ. ಕರಿಕಲ್ಲಿನ ಬೆಟ್ಟದಿಂದ ಇಳಿದು ಬರೋ ನೀರು, ತುಂಬ ಮೆದು. ಸೋಪು ಮುಟ್ಟಿಸಿದ್ರೆ ಸಾಕು, ನೊರೆ. ಲೇಸಿಗೆ ಅಷ್ಟು ಒಳ್ಳೇ ನೀರು ನಾನು ಇನ್ನೆಲ್ಲೂ ನೋಡಿಲ್ಲ."

ಒಗೆಯುವವಳಿಗೆ ಇದನ್ನು ಯಾಕೆ ಹೇಳುತ್ತಾರೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಕಿವಿ ಬಿಸಿಯಾಯಿತು. ಇಸ್ತ್ರಿಪೆಟ್ಟಿಗೆಯ ಬಿಸಿ ಅಂದುಕೊಂಡೆ.

"ನಮ್ಮ ಬಾವಿ ನೀರೂ ಹಾಗೇ," ಎಂದೆ. "ಇನ್ನೂ ಮೆದು."

"ಹಾಗಾ?" ಎಂದರು. ಗುಂಡಿ ಹೊಲಿದು ದಾರ ಕಡಿದರು. "ಹಾಗಾದ್ರೆ ನೀವು ಹೋಗ್ಬೇಕಾದ್ದೇ, ಮದಾಮ್."

ಜುಲಿಯೆನ್ ಆ ಮನೆಯ ಗೋಡೆಗೆ ಒಂದೊಂದೇ ಮರದ ಗೂಟ ಹೊತ್ತು ತಂದಿದ್ದ. ಅದನ್ನು ಬಿಡುವುದೆಂದರೆ ಅವನನ್ನು ಎರಡನೇ ಸಲ ಹೂತ ಹಾಗೆ. ನಾನು ಸರಿಯಾದ್ದನ್ನೇ ಹೇಳಿದೆ. ಧಣಿಯ ಅಂಗಿಯೊಂದನ್ನು ಸುಟ್ಟುಬಿಟ್ಟೆ, ಮೊದಲನೆಯ ಸಲ.

೧೫ ಏಪ್ರಿಲ್ (ಅವರಲ್ಲಿ ೪), ಓರ್ಲಿಯಾನ್ಸ್ ದಾರಿಯಲ್ಲಿ

ಗಾಡಿ ಕುದುರೆ ಬದಲಾಯಿಸಲು ನಿಂತಿದೆ. ಬೆಳಿಗ್ಗೆ ಬಾರ್ಬ್ ಅಳುತ್ತಾ, ಬೈಯುತ್ತಾ, ರೊಟ್ಟಿ, ಹಂದಿಮಾಂಸ ಕಟ್ಟಿಕೊಟ್ಟಳು. ಅವರು ನನ್ನ ಗಂಟನ್ನು ಗಾಡಿಯ ತನಕ ಹೊತ್ತು ತಂದರು. ಜೇಬಿನ ಪಂಚಾಂಗ ತೆಗೆದು ನನ್ನ ಕೈಗಿಟ್ಟರು.

"ಇದ್ಯಾಕೆ? ನೀವು ಗೀಟು ಎಳೆಯೋದು ಯಾವುದಕ್ಕೆ?"

"ಗೋಡೆಗೆ ಎಳೀತೀನಿ," ಎಂದರು. ಆಮೇಲೆ, "ನೋಡಿ, ಇಲ್ಲಿ ಎಲ್ಲರಿಗೂ ನೀವು ಇವತ್ತು ಹೋದ ಹಾಗೆ. ನನ್ನ ಪಂಚಾಂಗದಲ್ಲಿ ಇನ್ನೂ ನಾಲ್ಕನೇ ತಾರೀಕು. ನೀವು ಹೊರಡೋ ಹದಿನೈದು ಬರೋಕೆ ಹನ್ನೊಂದು ದಿನ ಇದೆ. ಅಷ್ಟು ದಿನ ನೀವಿನ್ನೂ ಇಲ್ಲೇ ಇರ್ತೀರಿ," ಎಂದರು.

"ಹುಚ್ಚು ಲೆಕ್ಕ."

"ಹುಚ್ಚೇ. ಆದ್ರೆ ಇನ್ನೊಂದು ಮಾತು, ಮದಾಮ್. ನಿಮ್ಮ ದ್ವೀಪ ವಾಪಸ್ಸಾದ ಸುದ್ದಿ ಇಲ್ಲಿಗೆ ಬಂದ ದಿನ ಧಣಿ ಪೆಟ್ಟಿಗೆ ಕಟ್ಟಿಸಿ ಹೊರಟುಬಿಡ್ತಾರೆ. ನಾನು ಹಿಂದೆ ಉಳಿದು ಮನೆ ಒಪ್ಪಿಸಿ ಹೋಗ್ತೀನಿ ಅಂತ ಕೇಳ್ಕೊಂಡಿದೀನಿ. ಆ ತಾರೀಕು ನನ್ನ ಪಂಚಾಂಗದಲ್ಲಿ ಬರೋ ತನಕ, ಅಂದ್ರೆ ಇನ್ನೂ ಹನ್ನೊಂದು ದಿನ, ನಾನು ಏಳಲ್ಲ."

ಗಾಡಿಯವನು ಕೂಗಿದ. ನಾನು ಏನೋ ಹೇಳಬೇಕಿತ್ತು. ತೋಳಂಚಿಗೆ ಗಂಜಿ ತೆಳ್ಳಗೆ ಹಾಕಲು ಹೊಸಬಳಿಗೆ ಹೇಳಿ ಎಂದೆ. ದೇವರೇ, ಅಷ್ಟನ್ನೇ ಹೇಳಿದೆ.

೨೬ ಏಪ್ರಿಲ್ (ಅವರಲ್ಲಿ ೧೫), ರೋಷ್‌ಫೋರ್

ಅವರ ಲೆಕ್ಕದಲ್ಲಿ ನಾನು ಇವತ್ತು ಹೊರಟೆ.

೧೧ ಜೂನ್ (ಮೇ ೩೧), ಕಡಲು

ಪೆಲಾಜಿ ದಿನವೂ ಮನೆಯ ಮಾತು ಆಡುತ್ತಾಳೆ. ನಾನೂ ಆಡುತ್ತೇನೆ. ವಾಂತಿ ನಿಂತಿದೆ. ಗಾಳಿ ಹಿಂದಿನಿಂದ ಬೀಸುತ್ತಿದೆ, ಎಲ್ಲರಿಗೂ ಖುಷಿ. ಈ ಹಡಗು ಎಷ್ಟು ಬೇಗ ಮುಟ್ಟಿದರೆ ಅವರಿಗೆ ಅಷ್ಟು ಬೇಗ ಬಿಡುಗಡೆ, ಹೆಸ್ಟರಳಿಗೆ ಅಷ್ಟು ಬೇಗ ಮದುವೆ. ನಾನೇ ಹೋಗಿ ಅವರನ್ನು ಆ ಮನೆಯಿಂದ ಬಿಡಿಸಿ ಕಳಿಸುತ್ತಿದ್ದೇನೆ.

೩ ಜುಲೈ (ಜೂನ್ ೨೨), ಲೂಯಿಬರ್ಗ್ ಬಂದರು

ಬಂದೆವು, ಆದರೆ ಇಳಿಯುವಂತಿಲ್ಲ. ಇಂಗ್ಲಿಷರು ಇನ್ನೂ ಗಂಟುಮೂಟೆ ಕಟ್ಟುತ್ತಿದ್ದಾರೆ. ಹಡಗಿನ ಅಂಚಿಗೆ ನಿಂತರೆ ನಮ್ಮ ಕಲ್ಲುದಂಡೆ ಕಾಣುತ್ತದೆ. ಗಂಜಿಹಿಟ್ಟಿನಲ್ಲಿ ನಾನು ಬರೆದದ್ದಕ್ಕಿಂತ ಚಿಕ್ಕದು.

೨೩ ಜುಲೈ (೧೨)

ಇವತ್ತು ಊರನ್ನು ಒಪ್ಪಿಸಿದರು. ಅವರ ಬಾವುಟ ಇಳಿಯಿತು, ನಮ್ಮದು ಏರಿತು. ಗಂಡಸರೂ ಅತ್ತರು. ನಾನೂ ಅತ್ತೆ, ಮೊಣಕಾಲೂರಿ ಮಣ್ಣು ಮುಟ್ಟಿದೆ. ಸುಳ್ಳು ಅಳುವಲ್ಲ ಅದು.

ಅಳುತ್ತಿದ್ದಂತೆಯೇ ಒಂದು ಯೋಚನೆ ಬಂತು. ಇವತ್ತಿಗೆ ಅವರ ಬಿಡುಗಡೆಯಾಯಿತು. ಅವರಿಗೆ ಗೊತ್ತಿಲ್ಲ, ನನಗೆ ಗೊತ್ತು. ಈ ಹೊತ್ತಿಗೆ ಮನೆಯಲ್ಲಿ ಬಾರ್ಬ್ ಸೂಪಿಗೆ ಉಪ್ಪು ಜಾಸ್ತಿ ಹಾಕಿ ಅವರ ಮೇಲೆ ಹೊರಿಸುತ್ತಿರುತ್ತಾಳೆ.

೨೫ ಜುಲೈ (೧೪)

ಮನೆ ನಿಂತಿದೆ. ಬಾಗಿಲಿಲ್ಲ, ಒಲೆಗೆ ಹಾಕಿದ್ದಾರೆ. ಅಡುಗೆಕೋಣೆಯ ನೆಲದಲ್ಲಿ ಐದು ಹಲಗೆ ಮಾತ್ರ ಎತ್ತಿ ಮತ್ತೆ ಕೂರಿಸಿದ ಹಾಗಿತ್ತು. ಪೆಲಾಜಿ ಹಲಗೆ ನೋಡಿ ಶಿಲುಬೆ ಗುರುತು ಮಾಡಿಕೊಂಡಳು.

"ನಿನಗೂ ಬಿಟ್ಟಿದಾರಾ? ನಮ್ಮನೇಲಿ ಇಬ್ಬರು. ಇಂಗ್ಲಿಷ್ ಸಿಪಾಯಿಗಳು ಮೊದಲನೇ ಚಳಿಗಾಲ ನೊಣ ಸತ್ತ ಹಾಗೆ ಸತ್ರಂತೆ. ಹಿಮಗಟ್ಟಿದ ನೆಲ ಅಗೆಯೋಕಾಗ್ದೆ ಒಳಗೇ ಹೂತಿದಾರೆ. ನಾಳೆ ಗಂಡಸರನ್ನ ಕರ್ಸಿ ತೆಗೆಸೋಣ."

ಒಂದು ಹಲಗೆಯ ಮೇಲೆ ಚಾಕುವಿನಲ್ಲಿ ಎರಡು ಅಕ್ಷರ ಕೆತ್ತಿ ತಾರೀಕು ಹಾಕಿದ್ದರು: ಫೆಬ್ರವರಿ ೩. ಮನಸ್ಸಿನಲ್ಲೇ ಹನ್ನೊಂದು ಕೂಡಿಸಿದೆ, ಹದಿನಾಲ್ಕು. ನಾನು ಅವತ್ತು ರೋಷ್‌ಫೋರಿನಲ್ಲಿ ಆಸ್ಪತ್ರೆಯ ಹೊದಿಕೆ ಒಗೆಯುತ್ತಾ ಈ ಮನೆಗಾಗಿ ಅಳುತ್ತಿದ್ದೆ. ಇವನು ಈ ಮನೆಯಲ್ಲಿ ಇನ್ನೊಂದು ಮನೆಗಾಗಿ ಅತ್ತಿರಬೇಕು. ಮೂರು ವರ್ಷ ನಾನು ಬೈದದ್ದು ಇವನನ್ನೇ.

"ಇರ್ಲಿ ಬಿಡು. ಅವನ ಪಾಡಿಗೆ ಮಲಗಿದಾನೆ," ಎಂದೆ.

ಪೆಲಾಜಿ ನನ್ನನ್ನು ವಿಚಿತ್ರವಾಗಿ ನೋಡಿದಳು.

೨೭ ಜುಲೈ (೧೬)

ಬಾವಿಯ ನೀರು ಸೇದಿ ಬಟ್ಟೆ ನೆನೆಸಿದೆ. ಸಾಬೂನು ಹಚ್ಚಿ ತಿಕ್ಕಿದೆ, ಮತ್ತೆ ತಿಕ್ಕಿದೆ. ನೊರೆಯಿಲ್ಲ. ಮೊಸರು ಒಡೆದ ಹಾಗೆ ಬಿಳಿ ಚೂರು ತೇಲಿತು.

"ಇಂಗ್ಲಿಷರು ಬಾವಿ ಕೆಡಿಸಿದಾರೆ," ಎಂದು ಪೆಲಾಜಿಗೆ ಹೇಳಿದೆ.

ಅವಳು ಸೊಂಟದ ಮೇಲೆ ಕೈಯಿಟ್ಟಳು. "ಯಾವತ್ತೇ ಬಂದಿತ್ತು ನೊರೆ ಇದಕ್ಕೆ? ಸಮುದ್ರದ ಪಕ್ಕದ ಬಾವಿ, ಮಹರಾಯ್ತಿ. ಪೀಪಾಯಿ ಇಟ್ಟು ಮಳೆ ನೀರು ಹಿಡಿದು ಒಗೀತಿದ್ವಲ್ಲ, ನಾನು ನೀನು ಪೀಪಾಯಿಗೆ ಜಗಳ ಆಡಿದ್ದೂ ಮರ್ತೋಯ್ತಾ?"

ಪೀಪಾಯಿ ಈಗಲೂ ಅಲ್ಲೇ ಇದೆ. ಅದರ ಮೇಲೆ ಕೂತು ಬಹಳ ಹೊತ್ತು ಬಾವಿಯನ್ನು ನೋಡಿದೆ. ನಾನು ಅವರಿಗೆ ಸುಳ್ಳು ಹೇಳಿದ್ದೆ. ಹೇಳುವಾಗ ಸುಳ್ಳೆಂದು ನನಗೇ ಗೊತ್ತಿರಲಿಲ್ಲ.

೩೦ ಜುಲೈ (೧೯)

ಅರ್ಜಿ ಕೊಡಲು ಕಚೇರಿಗೆ ಹೋದೆ. ನನಗೆ ಬರೆಯಲು ಬರುವುದರಿಂದ ನಾನೇ ಬರೆದೆ: ಜುಲಿಯೆನನ ವಿಧವೆ ಸೆರ್ವಾನ್, ಕೊಲ್ಲಿಯ ದಂಡೆಯ ಮನೆ, ಬಾವಿ, ಮೀನು ಒಣಗಿಸುವ ಜಾಗ. ಕೆಳಗೆ ತಾರೀಕು, ಸಹಿ. ಗುಮಾಸ್ತ ಓದುತ್ತಾ ಬಂದು ಕೊನೆಯಲ್ಲಿ ನಿಂತ.

"ಇದೇನಮ್ಮ, ಹತ್ತೊಂಬತ್ತು ಅಂತ ಹಾಕಿದೀರಿ? ಹತ್ತೊಂಬತ್ತಕ್ಕೆ ಈ ಊರು ನಮ್ಮದೇ ಆಗಿರ್ಲಿಲ್ಲ. ಈ ತಾರೀಕಿಗೆ ನೀವು ಮನೆ ಕೇಳ್ತಿರೋದು ಇಂಗ್ಲಿಷ್ ದೊರೆ ಹತ್ರ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಯಾರೋ, "ಅವನೇ ಕೊಟ್ರೂ ಕೊಟ್ಟಾನು, ಕೇಳಿ ನೋಡಮ್ಮ," ಎಂದ. ಪೆಲಾಜಿ ಮಾತ್ರ ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದಳು. ಪಂಚಾಂಗ ಅದರಲ್ಲಿತ್ತು.

ಗುಮಾಸ್ತ ಹೊಸ ಹಾಳೆ ಮುಂದಿಟ್ಟ. ಲೇಖನಿ ಅದ್ದಿದೆ. ಜುಲಿಯೆನ್ ಹೊತ್ತು ತಂದ ಗೂಟಗಳನ್ನು ನೆನೆದೆ, ಒಂದನ್ನೂ ಮರೆತಿಲ್ಲ. ಆಮೇಲೆ ಹಾಳೆಯನ್ನು ಪೆಲಾಜಿಯ ಕಡೆಗೆ ಸರಿಸಿದೆ. ಅವಳ ಮನೆಯ ಗೋಡೆ ಬಿದ್ದಿದೆ, ಅವಳಿಗೆ ಮೂವರು ಮಕ್ಕಳು. "ನಿನ್ನ ಹೆಸರು ಬರೀಲಾ?" ಎಂದು ಕೇಳಿದೆ.

"ಯೋಚನೆ ಮಾಡಿ ಹೇಳ್ತಿದೀಯಾ?"

"ಹಲಗೆ ಎಬ್ಬಿಸಬೇಡ. ಅಷ್ಟೇ ನಾನು ಕೇಳೋದು."

ಅವಳ ಹೆಸರು ಬರೆದೆ. ಈ ಸಲ ತಾರೀಕು ಸರಿಯಾಗಿ ಹಾಕಿದೆ.

೨೬ ಜುಲೈ

ಸುದ್ದಿಯ ಹಡಗು ಬೆಳಿಗ್ಗೆ ಹೊರಟಿತು. ಊರು ಕೈಸೇರಿತೆಂಬ ಮೊಹರು ಹಾಕಿದ ಕಾಗದ ಅದರಲ್ಲಿದೆ. ನನಗೂ ಜಾಗ ಕೇಳಿದೆ, ಹೆಂಗಸರನ್ನು ಹತ್ತಿಸಿಕೊಳ್ಳುವುದಿಲ್ಲವಂತೆ. ಹೆಂಗಸರಿಗೆ ಜಾಗವಿರುವ ಹಡಗು ಸೆಪ್ಟೆಂಬರಿನಲ್ಲಿ. ಅದಕ್ಕೆ ಹೆಸರು ಕೊಟ್ಟಿದ್ದೇನೆ. ಸದ್ಯ ಒಂದು ಕಾಗದವನ್ನು ನಾವಿಕನೊಬ್ಬನ ಕೈಗೆ ಕೊಟ್ಟೆ. ಬೇರೆ ಹಾಳೆ ಇರಲಿಲ್ಲ, ತಪ್ಪು ತಾರೀಕಿನ ಆ ಅರ್ಜಿಯ ಹಿಂಬದಿಯಲ್ಲೇ ಬರೆದೆ. ಎರಡೇ ಸಾಲು: 'ನಮ್ಮ ಬಾವಿಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪು. ನೀರು ಗಡುಸು, ನೊರೆ ಬರುವುದಿಲ್ಲ.' ಅವರಿಗೆ ಅರ್ಥವಾಗುತ್ತದೆ.

"ಪ್ಯಾರಿಸಿಗೆ ಯಾವಾಗ ಮುಟ್ಟುತ್ತೆ?" ಎಂದು ಆ ನಾವಿಕನನ್ನು ಕೇಳಿದೆ.

"ಸರ್ಕಾರಿ ಕಾಗದಕ್ಕೆ ಬಂದರಿನಲ್ಲೇ ಕುದುರೆ ಕಾದಿರುತ್ತಮ್ಮ. ನಿಮ್ಮದು ಟಪಾಲು ಗಾಡೀಲಿ. ಒಂದು ವಾರ ಹಿಂದೆ ಬೀಳುತ್ತೆ. ಹತ್ತು ದಿನ ಅಂತಿಟ್ಕೊಳ್ಳಿ."

ಎಲ್ಲರೂ ಒಳ್ಳೆಯ ಗಾಳಿ ಸಿಗಲೆಂದು ಹರಸಿ ವಸ್ತ್ರ ಬೀಸಿದರು. ಗಾಳಿ ಚೆನ್ನಾಗಿಯೇ ಇತ್ತು.

ಮೇಲೆ ಹಾಕಿದ ತಾರೀಕನ್ನು ಈಗ ನೋಡಿದೆ. ಇಲ್ಲಿ ಎಲ್ಲರಿಗೂ ಇವತ್ತು ಆಗಸ್ಟ್ ಆರು. ತಿದ್ದಲು ಲೇಖನಿ ಎತ್ತಿದವಳು ಹಾಗೇ ಕೆಳಗಿಟ್ಟೆ. ಕಾಗದ ಹತ್ತು ದಿನ ತಡವಾಗಿ ಬರುತ್ತದೆ. ಅವರು ಹನ್ನೊಂದು ದಿನ ಕಾಯುತ್ತಾರೆ.